ಮಾರ್ಗವೂ ವಾಹನವೂ: ಹೈದರಾಬಾದಿನ ಬೈಸಿಕಲ್ ಅಭಿರುಚಿಯ ಒಂದು ವಿಮರ್ಶೆ

೧

ಕನ್ನಡದಲ್ಲಿ 'ಮಾರ್ಗ' ಎಂಬ ಶಬ್ದಕ್ಕೆ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ಜನರು ನಡೆದುಹೋಗುವ ದಾರಿ ಒಂದು. ಕವಿಯು ಹಿಡಿಯುವ ರೀತಿ ಮತ್ತೊಂದು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊತ್ತಮೊದಲನೆಯದಾದ 'ಕವಿರಾಜಮಾರ್ಗ'ವು ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಆ ಅರಸನ ರಾಜಧಾನಿಯಾದ ಮಾನ್ಯಖೇಟ, ಎಂದರೆ ಇಂದಿನ ಮಳಖೇಡ, ೧೯೫೬ರ ನವೆಂಬರ್ ೧ರ ವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದಿತು. ಆದುದರಿಂದ ಈ ನಗರದಲ್ಲಿ ನೆಲೆಸಿದ ಕನ್ನಡಿಗರಿಗೆ ಅದು ದೂರದ ಗ್ರಂಥವಲ್ಲ. ದಕ್ಷಿಣ, ಉತ್ತರ ಎಂಬ ಎರಡು ಕಾವ್ಯಮಾರ್ಗಗಳನ್ನು ಹೇಳಿ, ಗುಣಗಳು ಅವುಗಳಲ್ಲಿ ಬೇರೆ ಬೇರೆಯಾಗಿ ತೋರುವ ಬಗೆಯನ್ನು ಆ ಗ್ರಂಥವು ವಿವರಿಸುತ್ತದೆ. ಇನ್ನೆರಡು ಶತಮಾನಗಳ ತರುವಾಯ ಕಾಶ್ಮೀರದ ಕ್ಷೇಮೇಂದ್ರನು 'ಔಚಿತ್ಯವಿಚಾರಚರ್ಚಾ' ಎಂಬ ಕೃತಿಯಲ್ಲಿ ಇದೇ ವಿಚಾರವನ್ನು ಬೇರೊಂದು ದಿಕ್ಕಿನಿಂದ ನೋಡಿ, ಔಚಿತ್ಯವೇ ಕಾವ್ಯದ ಜೀವವೆಂದು ನಿರ್ಣಯಿಸಿದನು. ತಕ್ಕ ಸ್ಥಳದಲ್ಲಿ ಇಟ್ಟದ್ದು ಮಾತ್ರ ಅಲಂಕಾರ. ಸ್ಥಳ ತಪ್ಪಿದರೆ ಅತ್ಯಮೂಲ್ಯವಾದ ಆಭರಣವೂ ನಗೆಗೀಡಾಗುತ್ತದೆ ಎಂಬುದು ಆ ವಾದದ ತಿರುಳು.

ಅಲಂಕಾರಶಾಸ್ತ್ರದ ಈ ಮಾತುಗಳನ್ನು ಬೈಸಿಕಲ್ಲಿನ ವಿಷಯವಾಗಿ ಎತ್ತಿದುದು ವಿನೋದಕ್ಕಲ್ಲ. ಕಳೆದ ಎರಡು ದಶಕಗಳಲ್ಲಿ ಹೈದರಾಬಾದಿನಲ್ಲಿ ಬೈಸಿಕಲ್ಲಿನ ಬಗೆಗೆ ಒಂದು ಹೊಸ ಅಭಿರುಚಿ ಬೆಳೆದು ನಿಂತಿದೆ. ನಸುಕಿನಲ್ಲಿ ಗಚ್ಚಿಬೌಲಿಯ ಕಡೆಗಾಗಲಿ ನೆಕ್ಲೇಸ್ ರಸ್ತೆಯ ಕಡೆಗಾಗಲಿ ಹೋದವರಿಗೆ ಶಿರಸ್ತ್ರಾಣ ಧರಿಸಿ, ಬಗೆಬಗೆಯ ವಾಹನಗಳ ಮೇಲೆ ಸಾಲುಗಟ್ಟಿ ಹೋಗುವ ಸವಾರರು ಕಾಣಸಿಗುತ್ತಾರೆ. ರೋಡ್ ಬೈಕು, ಹೈಬ್ರಿಡ್, ಬೆಟ್ಟದ ಬೈಕು, ಮಡಿಚುವ ಬೈಕು ಎಂಬ ಜಾತಿಭೇದಗಳನ್ನು ಅವರು ರಸಿಕರು ರಾಗಭೇದಗಳನ್ನು ಚರ್ಚಿಸುವಂತೆ ಚರ್ಚಿಸುತ್ತಾರೆ. ಅಭಿರುಚಿ ಇದ್ದಲ್ಲಿ ವಿಮರ್ಶೆಯೂ ಇರಬೇಕು. ಈ ಅಭಿರುಚಿಯ ಗುಣವೇನು, ದೋಷವೇನು, ಅದು ನಗರದ ಬಾಳಿಗೆ ಎಷ್ಟರಮಟ್ಟಿಗೆ ಉಚಿತವಾಗಿದೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು: ವಾಹನದ ಭೇದಗಳನ್ನು ಅರಿಯುವುದರಲ್ಲಿ ಈ ನಗರವು ತೋರಿದ ಸೂಕ್ಷ್ಮತೆಯನ್ನು ಮಾರ್ಗದ ವಿಷಯದಲ್ಲಿ ತೋರಿಲ್ಲ, ಅದರ ಫಲವಾಗಿ, ಬೈಸಿಕಲ್ಲನ್ನು ಇಷ್ಟಪಡುವವರು ಹೆಚ್ಚುತ್ತಿರುವ ಕಾಲದಲ್ಲಿಯೇ ಬೈಸಿಕಲ್ಲನ್ನು ನೆಚ್ಚಿ ಬದುಕುವವರಿಗೆ ರಸ್ತೆಯಲ್ಲಿ ಸ್ಥಳವಿಲ್ಲದಂತಾಗಿದೆ.

೨

ಬೈಸಿಕಲ್ಲಿನ ಇತಿಹಾಸವನ್ನು ನೋಡಿದರೆ, ಅದರ ಪ್ರತಿಯೊಂದು ಜಾತಿಯೂ ಒಂದು ಮಾರ್ಗಕ್ಕೆ ಕೊಟ್ಟ ಉತ್ತರವೆಂಬುದು ಸ್ಪಷ್ಟವಾಗುತ್ತದೆ. ೧೮೧೭ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸನು ಓಡಿಸಿದ ಎರಡು ಗಾಲಿಯ ಯಂತ್ರಕ್ಕೆ ಪೆಡಲುಗಳಿರಲಿಲ್ಲ. ಸವಾರನು ಕಾಲಿನಿಂದ ನೆಲವನ್ನೇ ಒದ್ದು ಸಾಗಬೇಕಾಗಿತ್ತು. ೧೮೬೦ರ ದಶಕದಲ್ಲಿ ಪ್ಯಾರಿಸಿನಲ್ಲಿ ಮುಂದಿನ ಗಾಲಿಗೆ ಪೆಡಲು ಬಂದಿತು. ಪೆಡಲಿನ ಒಂದು ಸುತ್ತಿಗೆ ಗಾಲಿಯೂ ಒಂದೇ ಸುತ್ತು ತಿರುಗುತ್ತಿದ್ದುದರಿಂದ, ವೇಗ ಬೇಕಾದವರು ಗಾಲಿಯನ್ನೇ ಹಿಗ್ಗಿಸುತ್ತ ಹೋಗಿ ಆಳೆತ್ತರದ ಮುಂಗಾಲಿಯ ಅಪಾಯಕರ ವಾಹನವನ್ನು ನಿರ್ಮಿಸಿದರು. ೧೮೮೫ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ಹಿಂದಿನ ಗಾಲಿಗೆ ಸರಪಳಿಯನ್ನು ಜೋಡಿಸಿ, ಎರಡು ಗಾಲಿಗಳನ್ನೂ ಹೆಚ್ಚುಕಡಮೆ ಸಮವಾಗಿಸಿದ 'ರೋವರ್' ಬೈಸಿಕಲ್ಲನ್ನು ಹೊರತಂದನು. ೧೮೮೮ರಲ್ಲಿ ಬೆಲ್‌ಫಾಸ್ಟಿನ ಡನ್‌ಲಪ್ಪನು ಗಾಳಿ ತುಂಬಿದ ಟಯರನ್ನು ಬಳಕೆಗೆ ತಂದನು. ಈ ಎರಡು ಸಂಗತಿಗಳು ಕೂಡಿದ ಮೇಲೆ ಬೈಸಿಕಲ್ಲು ಸಾಹಸಿಗಳ ಆಟವಾಗಿ ಉಳಿಯದೆ ಎಲ್ಲರ ವಾಹನವಾಯಿತು. ಕಲ್ಲುಹಾಸಿನ ಬೀದಿಯು ಟಯರನ್ನು ಕೇಳಿತು. ದೂರದ ಹಾದಿಯು ಸರಪಳಿಯನ್ನು ಕೇಳಿತು. ಮಾರ್ಗವು ಕೇಳಿದುದನ್ನು ವಾಹನವು ಕೊಟ್ಟಿತು.

ನಮ್ಮ ದೇಶಕ್ಕೆ ಬಂದು ನೆಲೆಯೂರಿದ ಜಾತಿ ಇಂಗ್ಲೆಂಡಿನ 'ರೋಡ್‌ಸ್ಟರ್'. ಇಪ್ಪತ್ತೆಂಟು ಅಂಗುಲದ ಗಾಲಿ, ಕಂಬಿಯ ಬ್ರೇಕು, ನೆಟ್ಟಗೆ ಕುಳಿತುಕೊಳ್ಳುವ ಆಸನ, ಸರಪಳಿಯನ್ನು ಮುಚ್ಚುವ ತಗಡು, ಹಿಂದೆ ಭಾರ ಹೊರುವ ಕ್ಯಾರಿಯರು: ಇವು ಅದರ ಲಕ್ಷಣಗಳು. ಮೊದಲು ರ‍್ಯಾಲಿ, ಹಂಬರ್, ಹರ್ಕ್ಯುಲಿಸ್ ಎಂಬ ವಿಲಾಯತಿ ಹೆಸರುಗಳಿಂದ ಬಂದ ಈ ವಾಹನವು ಸ್ವಾತಂತ್ರ್ಯಾನಂತರ ದೇಶೀಯವಾಯಿತು. ೧೯೪೯ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, ೧೯೫೧ರಲ್ಲಿ ಸೋನೀಪತದಲ್ಲಿ ಆಟ್ಲಾಸ್, ೧೯೫೬ರಲ್ಲಿ ಲೂಧಿಯಾನದಲ್ಲಿ ಹೀರೋ ಸಂಸ್ಥೆಗಳು ಹುಟ್ಟಿದವು. ೧೯೮೬ರಲ್ಲಿ ಹೀರೋ ಸಂಸ್ಥೆಯು ಜಗತ್ತಿನಲ್ಲಿಯೇ ಅತ್ಯಧಿಕ ಬೈಸಿಕಲ್ಲುಗಳನ್ನು ತಯಾರಿಸುವ ಸಂಸ್ಥೆಯೆಂದು ಗಿನ್ನೆಸ್ ಗ್ರಂಥದಲ್ಲಿ ಸ್ಥಾನ ಪಡೆಯಿತು. ಆಟ್ಲಾಸ್ ಸಂಸ್ಥೆಯ ಸಾಹಿಬಾಬಾದ್ ಕಾರ್ಖಾನೆಯು ೨೦೨೦ರ ಜೂನ್ ೩ರಂದು ಬಾಗಿಲು ಮುಚ್ಚಿತು. ಆ ದಿನ ವಿಶ್ವ ಬೈಸಿಕಲ್ ದಿನವಾಗಿದ್ದುದು ಕಾಕತಾಳೀಯವಾದರೂ ಅರ್ಥವಿಲ್ಲದ ಸಂಗತಿಯಲ್ಲ.

ಈ ರೋಡ್‌ಸ್ಟರನ್ನು ಹಗುರವಾಗಿ ಕಾಣುವುದು ಇಂದಿನ ರಸಿಕರ ವಾಡಿಕೆ. ಆದರೆ ಸಮಾಜದಲ್ಲಿ ಬೈಸಿಕಲ್ಲು ಮಾಡಿದ ಮಹತ್ಕಾರ್ಯಗಳೆಲ್ಲವೂ ಈ ಸಾಮಾನ್ಯ ಜಾತಿಯಿಂದಲೇ ನಡೆದವು. ೧೯೯೧-೯೨ರ ಸುಮಾರಿಗೆ ತಮಿಳುನಾಡಿನ ಪುದುಕ್ಕೋಟ್ಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಅಂಗವಾಗಿ ಸಾವಿರಾರು ಗ್ರಾಮೀಣ ಸ್ತ್ರೀಯರು ಬೈಸಿಕಲ್ಲನ್ನು ಕಲಿತರು. ೨೦೦೬ರಲ್ಲಿ ಬಿಹಾರ ಸರಕಾರವು ಒಂಬತ್ತನೆಯ ತರಗತಿಗೆ ಸೇರಿದ ಬಾಲಿಕೆಯರಿಗೆ ಬೈಸಿಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಅದರಿಂದ ಪ್ರೌಢಶಾಲೆಗೆ ಸೇರುವ ಬಾಲಿಕೆಯರ ಪ್ರಮಾಣ ನೂರಕ್ಕೆ ೩೨ರಷ್ಟು ಹೆಚ್ಚಿತೆಂದೂ, ಬಾಲಕ-ಬಾಲಿಕೆಯರ ನಡುವಣ ಅಂತರ ನೂರಕ್ಕೆ ೪೦ರಷ್ಟು ಕುಗ್ಗಿತೆಂದೂ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಅವರು ತೋರಿಸಿಕೊಟ್ಟಿದ್ದಾರೆ. ಕರ್ನಾಟಕದಲ್ಲಿಯೂ ೨೦೦೬-೦೭ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗಾಗಿ ಇಂತಹುದೇ ಯೋಜನೆ ಬಂದಿತು. ಗೇರುಗಳಿಲ್ಲದ, ಕಬ್ಬಿಣದ ಭಾರದ, ಯಾವ ರಸಿಕನೂ ಎರಡನೆಯ ಸಲ ನೋಡದ ವಾಹನಗಳವು. ವಾಹನದ ಹಿರಿಮೆಯನ್ನು ಅದರ ತೂಕದಿಂದ ಅಳೆಯುವವರು ಈ ಸಂಗತಿಯನ್ನು ಮರೆಯಬಾರದು.

೩

ಇನ್ನು ಹೈದರಾಬಾದಿನ ನೆಲವನ್ನು ನೋಡೋಣ. ಸಮುದ್ರಮಟ್ಟದಿಂದ ಸುಮಾರು ೫೪೦ ಮೀಟರ್ ಎತ್ತರದ ಬಂಡೆಗಲ್ಲಿನ ಪ್ರಸ್ಥಭೂಮಿ ಇದು. ಮೂಸಿ ನದಿಯ ದಂಡೆಯ ಹಳೆಯ ನಗರವೂ ಹುಸೇನ್ ಸಾಗರದ ಕಟ್ಟೆಯೂ ಬಹುಮಟ್ಟಿಗೆ ಸಮತಲವಾಗಿವೆ. ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್ ಕಡೆಗೆ ತಿರುಗಿದೊಡನೆ ಏರಿಳಿತಗಳು ಮೊದಲಾಗುತ್ತವೆ. ಬೇಸಗೆಯಲ್ಲಿ ೪೦ ಡಿಗ್ರಿ ದಾಟುವ ಬಿಸಿಲು. ಮುಂಗಾರಿನಲ್ಲಿ ಗಳಿಗೆಯೊಳಗೆ ಹೊಳೆಯಾಗುವ ಬೀದಿ. ಇಂತಹ ಊರಿಗೆ ಯಾವ ಜಾತಿಯ ಬೈಸಿಕಲ್ಲು ಉಚಿತ?

ಮೊದಲು ರೋಡ್‌ಸ್ಟರನ್ನೇ ಪರೀಕ್ಷಿಸೋಣ. ಮುಂದೆ ೪೪ ಹಲ್ಲು, ಹಿಂದೆ ೧೮ ಹಲ್ಲು ಇರುವ ವಾಹನದಲ್ಲಿ ಪೆಡಲಿನ ಒಂದು ಸುತ್ತಿಗೆ ಸವಾರನು ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತಾನೆ. ಸಮತಲದಲ್ಲಿ ಇದು ಹಿತವಾದ ಪ್ರಮಾಣ. ಕಾಚಿಗುಡದಿಂದ ಉಸ್ಮಾನಿಯಾ ವಿಶ್ವವಿದ್ಯಾಲಯದ ವರೆಗಿನ ನಾಲ್ಕೈದು ಕಿಲೋಮೀಟರುಗಳಿಗೆ ಇದಕ್ಕಿಂತ ಬೇರೆ ವಾಹನ ಬೇಕಾಗಿರಲಿಲ್ಲವೆಂದು ಹಳೆಯ ತಲೆಮಾರಿನವರು ಹೇಳಿದರೆ ಅದು ಉತ್ಪ್ರೇಕ್ಷೆಯಲ್ಲ. ಆದರೆ ಬಂಜಾರಾ ಹಿಲ್ಸಿನ ಏರಿನಲ್ಲಿ ಅದೇ ಐದೂವರೆ ಮೀಟರು ಮೊಳಕಾಲಿಗೆ ಶಿಕ್ಷೆಯಾಗುತ್ತದೆ. ಸವಾರನು ಇಳಿದು ತಳ್ಳಬೇಕಾಗುತ್ತದೆ. ಮುಂದೆಯೂ ಹಿಂದೆಯೂ ೩೪ ಹಲ್ಲುಗಳನ್ನು ಹೊಂದಿಸಿಕೊಳ್ಳಬಲ್ಲ ಗೇರಿನ ವಾಹನದಲ್ಲಿ ಒಂದು ಸುತ್ತಿಗೆ ಎರಡು ಮೀಟರಿಗಿಂತ ತುಸು ಹೆಚ್ಚು ಮಾತ್ರ ಸಾಗುವುದರಿಂದ ಅದೇ ಏರು ಸಾಧ್ಯವಾಗುತ್ತದೆ. ಮಳೆಯಲ್ಲಿ ತೊಯ್ದ ಉಕ್ಕಿನ ಗಾಲಿಪಟ್ಟಿಯ ಮೇಲೆ ಕಂಬಿಯ ಬ್ರೇಕು ಸರಿಯಾಗಿ ಹಿಡಿಯದಿರುವುದೂ ರೋಡ್‌ಸ್ಟರಿನ ನಿಜವಾದ ದೋಷ. ಹೊಸ ವಾಹನಗಳನ್ನು ಮೆಚ್ಚುವವರ ಪಕ್ಷದಲ್ಲಿ ಇಷ್ಟು ನ್ಯಾಯವಿದೆ.

ರೋಡ್ ಬೈಕು ಪಂದ್ಯದ ಮಾರ್ಗದಿಂದ ಬಂದುದು. ಬಾಗಿದ ಹಿಡಿ, ಕಿರಿದಾದ ಟಯರು, ಎಂಟು-ಒಂಬತ್ತು ಕಿಲೋಗ್ರಾಮಿನ ಮೈ. ಅದರ ಗುಣ ವೇಗ. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತ ಕುಟುಂಬಗಳ ಮಕ್ಕಳು ಈ ವಾಹನದ ಮೇಲೆ ರಾಷ್ಟ್ರಮಟ್ಟದ ಕೀರ್ತಿಯನ್ನು ತಂದಿರುವುದನ್ನು ಕನ್ನಡಿಗರೆಲ್ಲರೂ ಬಲ್ಲರು. ಬಯಲುಸೀಮೆಯ ನೇರವಾದ, ಗಾಳಿಗೆ ತೆರೆದ ಹಾದಿಗಳಲ್ಲಿ ಅದು ಉಚಿತವೇ ಸರಿ. ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ೨೦೦೨ರ ರಾಷ್ಟ್ರೀಯ ಕ್ರೀಡಾಕೂಟದ ಸಂದರ್ಭದಲ್ಲಿ ನಿರ್ಮಿಸಿದ ವೆಲೋಡ್ರೋಮಿನಂತಹ ಸ್ಥಳಕ್ಕೂ ಪಂದ್ಯದ ವಾಹನವೇ ಸಲ್ಲುತ್ತದೆ. ಆದರೆ ಚಾರ್‌ಮಿನಾರಿನ ಸುತ್ತಣ ಬೀದಿಗಳಲ್ಲಿ, ಗುಂಡಿಗಳ ನಡುವೆ, ನೆಲಕ್ಕೆ ಮುಖವಿಟ್ಟು ಬಗ್ಗಿ ಕುಳಿತವನಿಗೆ ಅಕ್ಕಪಕ್ಕದ ವಾಹನ ಕಾಣುವುದು ಕಷ್ಟ. ಅಲ್ಲಿ ವೇಗಕ್ಕಿಂತ ನೋಟವೇ ಮುಖ್ಯ.

ಬೆಟ್ಟದ ಬೈಕಿನ ಕಥೆ ಇನ್ನೂ ವಿಚಿತ್ರವಾದುದು. ೧೯೭೦ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ತರುಣರು ಗುಡ್ಡದ ಮಣ್ಣುಹಾದಿಗಳಲ್ಲಿ ಇಳಿಯುವ ಸಾಹಸಕ್ಕಾಗಿ ಕಟ್ಟಿಕೊಂಡ ವಾಹನವದು. ಹಲ್ಲುಹಲ್ಲಾದ ದಪ್ಪ ಟಯರು, ಮುಂದುಗಡೆ ಸ್ಪ್ರಿಂಗು. ಇಂದು ನಮ್ಮ ಅಂಗಡಿಗಳಲ್ಲಿ ಮಕ್ಕಳಿಗೂ ತರುಣರಿಗೂ ಹೆಚ್ಚಾಗಿ ಮಾರಾಟವಾಗುವುದು ಇದರ ಅನುಕರಣ. ಆ ಅಗ್ಗದ ಸ್ಪ್ರಿಂಗು ವಾಹನದ ತೂಕವನ್ನು ಹೆಚ್ಚಿಸಿ, ತುಳಿತದ ಒಂದಂಶವನ್ನು ತಾನೇ ನುಂಗುತ್ತದೆ. ದಪ್ಪ ಹಲ್ಲಿನ ಟಯರು ಡಾಂಬರಿನ ಮೇಲೆ ಗುಂಯ್‌ಗುಡುತ್ತ ಎಳೆಯುತ್ತದೆ. ಮಳೆಯ ಊರಿನಲ್ಲಿ ಮಡ್‌ಗಾರ್ಡು ಇಲ್ಲ, ದುಡಿಯುವ ಊರಿನಲ್ಲಿ ಕ್ಯಾರಿಯರು ಇಲ್ಲ, ಕತ್ತಲೆಯ ಊರಿನಲ್ಲಿ ದೀಪವಿಲ್ಲ. ಬೆಟ್ಟದಲ್ಲಿ ಗುಣವಾದುದು ಬೀದಿಯಲ್ಲಿ ದೋಷವಾಯಿತು. ಔಚಿತ್ಯಭಂಗಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು.

ಹೈಬ್ರಿಡ್ ಎಂಬುದು ಇವೆರಡರ ನಡುವಣ ಸಂಧಾನ: ನೇರವಾದ ಹಿಡಿ, ಮಧ್ಯಮ ಟಯರು, ಸಾಕಷ್ಟು ಗೇರುಗಳು. ಮಡ್‌ಗಾರ್ಡು, ಕ್ಯಾರಿಯರು, ದೀಪಗಳನ್ನು ಸೇರಿಸಿಕೊಂಡರೆ ಈ ನಗರಕ್ಕೆ ಅತ್ಯಂತ ಸಮೀಪವಾದ ವಾಹನ ಅದೇ. ೧೯೭೦ರ ದಶಕದಲ್ಲಿ ಲಂಡನ್ನಿನಲ್ಲಿ ಆಂಡ್ರ್ಯೂ ರಿಚಿಯು ರೂಪಿಸಿದ, ಹದಿನಾರು ಅಂಗುಲದ ಗಾಲಿಯ 'ಬ್ರಾಂಪ್ಟನ್' ಮಾದರಿಯ ಮಡಿಚುವ ಬೈಸಿಕಲ್ಲುಗಳು ರೈಲಿನೊಡನೆ ಸ್ನೇಹ ಬೆಳೆಸುವುದಕ್ಕೆ ಹುಟ್ಟಿದವು. ಕೊನೆಯದಾಗಿ ವಿದ್ಯುತ್ ಸಹಾಯದ ಬೈಸಿಕಲ್ಲು: ೨೫೦ ವ್ಯಾಟಿಗಿಂತ ಕಡಮೆ ಶಕ್ತಿಯ, ಗಂಟೆಗೆ ೨೫ ಕಿಲೋಮೀಟರಿಗಿಂತ ಕಡಮೆ ವೇಗದ ಇಂತಹ ವಾಹನಗಳನ್ನು ನಮ್ಮ ದೇಶದ ನಿಯಮಗಳು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಏರಿಗೂ ಬಿಸಿಲಿಗೂ ಇದು ಸಮಾಧಾನವನ್ನು ಹೇಳಬಲ್ಲುದು. ಆದರೆ ಇದರ ಬೆಲೆ ಕಾವಲುಗಾರನ ಅಥವಾ ಕೂಲಿಕಾರನ ಕೈಗೆ ಎಟಕುವುದಲ್ಲ.

೪

ಭಾಷೆಯನ್ನು ನೋಡಿದರೆ ಇನ್ನೊಂದು ಭೇದವೂ ಗೋಚರಿಸುತ್ತದೆ. ಹಳೆಯ ಮೈಸೂರಿನವರು ಸೈಕಲ್ಲನ್ನು 'ತುಳಿಯುತ್ತಾರೆ', ಅಥವಾ 'ಬಿಡುತ್ತಾರೆ'. ಉತ್ತರ ಕರ್ನಾಟಕದವರು 'ಹೊಡೆಯುತ್ತಾರೆ'. ತೆಲುಗಿನಲ್ಲಿ ಬಳಸುವ 'ತೊಕ್ಕು' ಎಂಬ ಕ್ರಿಯಾಪದದ ಅರ್ಥವೂ ತುಳಿಯೆಂದೇ. ಎತ್ತರದ ಸೈಕಲ್ಲಿನ ತ್ರಿಕೋಣದೊಳಗೆ ಕಾಲು ತೂರಿಸಿ 'ಒಳಪೆಡಲು' ಹೊಡೆದು ಕಲಿತ ಮಕ್ಕಳಿಗೆ ಈ ಕ್ರಿಯಾಪದಗಳ ಅರ್ಥ ಮೈಯಲ್ಲಿಯೇ ಬರೆದಂತಿತ್ತು. ಇವೆಲ್ಲವೂ ದೇಹದ ಶ್ರಮವನ್ನು ಹೇಳುವ ಮಾತುಗಳು. ಅಷ್ಟೇ ಅಲ್ಲ, ಕೆಲಸಕ್ಕೆ ಹೋಗುವವನು ಸಾಮಾನ್ಯವಾಗಿ ಈ ಮಾತುಗಳನ್ನೂ ಆಡುವುದಿಲ್ಲ. 'ಕೆಲಸಕ್ಕೆ ಹೋಗುತ್ತೇನೆ' ಎಂದಷ್ಟೇ ಹೇಳುತ್ತಾನೆ. ಸೈಕಲ್ಲು ಅವನ ವಾಕ್ಯದಲ್ಲಿ ಕರ್ಮವಲ್ಲ, ಕರಣ. ಅದನ್ನು ಹೇಳದೆಯೇ ಬಿಡಬಹುದು.

ಹೊಸ ಅಭಿರುಚಿಯವರ ಮಾತೋ 'ರೈಡಿಗೆ ಹೋಗುವುದು'. ಇಲ್ಲಿ ಸವಾರಿಯೇ ಗಮ್ಯ. ಹೊರಟ ಮನೆಗೆ ಹಿಂದಿರುಗುವುದೇ ಅದರ ಅಂತ್ಯ. ಕೂಲಿಕಾರನ ಪ್ರಯಾಣವು ಒಂದು ರೇಖೆಯಾದರೆ ಇವರದು ಒಂದು ವೃತ್ತ. ವೃತ್ತದಲ್ಲಿ ತಪ್ಪೇನೂ ಇಲ್ಲ. ವ್ಯಾಯಾಮವೂ ವಿನೋದವೂ ಮನುಷ್ಯನಿಗೆ ಬೇಕು. ಮೋಟಾರಿನ ಮೋಹದಲ್ಲಿ ಬೈಸಿಕಲ್ಲು ಬಡತನದ ಗುರುತೆಂದು ಮಧ್ಯಮವರ್ಗದವರು ನಾಚಿಕೊಳ್ಳುತ್ತಿದ್ದ ಕಾಲದಲ್ಲಿ, ಅದಕ್ಕೆ ಮರ್ಯಾದೆಯನ್ನು ಮರಳಿ ತಂದುಕೊಟ್ಟವರು ಈ ಉತ್ಸಾಹಿಗಳೇ. ಅವರ ಕೂಟಗಳು ಹೊಸಬರಿಗೆ ಕಲಿಸಿವೆ. ರಸ್ತೆಯಲ್ಲಿ ಸ್ಥಳಬೇಕೆಂದು ಅಧಿಕಾರಿಗಳನ್ನು ಕೇಳಿವೆ. ಈ ಉಪಕಾರವನ್ನು ಸ್ಮರಿಸದಿರುವುದು ಅನ್ಯಾಯ. ಆದರೆ ನಗರವು ಯಾರ ಮಾತನ್ನು ಕೇಳಿ ಯಾವ ಆಕಾರದ ಮಾರ್ಗವನ್ನು ನಿರ್ಮಿಸಿತೆಂಬುದನ್ನು ನೋಡಿದಾಗ ಈ ರೇಖೆ-ವೃತ್ತಗಳ ಭೇದವು ಬರಿಯ ಶಬ್ದವಿಚಾರವಾಗಿ ಉಳಿಯುವುದಿಲ್ಲ.

೫

೧೯೯೮ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ಮೇಲೆ ಹೈದರಾಬಾದು ಪಶ್ಚಿಮಕ್ಕೆ ವಾಲಿತು. ೧೫೮ ಕಿಲೋಮೀಟರ್ ಉದ್ದದ ಹೊರವರ್ತುಲ ರಸ್ತೆ ನಗರವನ್ನು ಬಳಸಿಕೊಂಡಿತು. ಆ ರಸ್ತೆಯ ಪಕ್ಕದಲ್ಲಿ, ೨೦೨೩ರ ಅಕ್ಟೋಬರ್ ೧ರಂದು, ಒಂದು ಅಪೂರ್ವವಾದ ಬೈಸಿಕಲ್ ಮಾರ್ಗವು ತೆರೆಯಿತು. ಒಟ್ಟು ಉದ್ದ ೨೩ ಕಿಲೋಮೀಟರ್. ನಾನಕ್‌ರಾಮ್‌ಗುಡದಿಂದ ಪೊಲೀಸ್ ಅಕಾಡೆಮಿಯ ವರೆಗೆ ಎಂಟೂವರೆ, ನರಸಿಂಗಿಯಿಂದ ಕೊಲ್ಲೂರಿನ ವರೆಗೆ ಹದಿನಾಲ್ಕೂವರೆ. ಅಗಲ ನಾಲ್ಕೂವರೆ ಮೀಟರ್. ತಲೆಯ ಮೇಲೆ ಉದ್ದಕ್ಕೂ ಸೌರಫಲಕಗಳ ಚಾವಣಿ. ಅದರ ವಿದ್ಯುತ್ ಸಾಮರ್ಥ್ಯ ೧೬ ಮೆಗಾವ್ಯಾಟ್. ದಕ್ಷಿಣ ಕೊರಿಯಾದ ದೇಜಾನ್ ಮತ್ತು ಸೇಜೋಂಗ್ ನಗರಗಳ ನಡುವೆ, ಹೆದ್ದಾರಿಯ ಮಧ್ಯದಲ್ಲಿ ಇಂತಹ ಚಾವಣಿಯ ಮಾರ್ಗ ಮೊದಲೇ ಇದ್ದಿತು. ಅದರ ಪ್ರೇರಣೆಯಿಂದ ಇದು ಬಂದಿತು.

ಈ ಮಾರ್ಗದ ಗುಣಗಳನ್ನು ಮನಃಪೂರ್ವಕವಾಗಿ ಒಪ್ಪಬೇಕು. ಬಿಸಿಲಿಗೂ ಮಳೆಗೂ ಆಶ್ರಯವಿದೆ, ಮೋಟಾರು ವಾಹನದ ಭಯವಿಲ್ಲ, ನೆಲ ನುಣುಪಾಗಿದೆ, ನೆರಳು ಕೊಡುವ ಚಾವಣಿಯೇ ವಿದ್ಯುತ್ತನ್ನೂ ಕೊಡುತ್ತದೆ. ಡೆಕ್ಕನ್ನಿನ ಬಿಸಿಲಿನಲ್ಲಿ ಬೈಸಿಕಲ್ಲು ಸಾಧ್ಯವೇ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಭಾರತದ ಯಾವ ನಗರವೂ ಕೊಟ್ಟಿರಲಿಲ್ಲ. ಯಂತ್ರಶಿಲ್ಪದ ದೃಷ್ಟಿಯಿಂದ ಇದು ಉತ್ತಮ ಕೃತಿ.

ಆದರೆ ಎಲ್ಲಿಂದ ಎಲ್ಲಿಗೆ? ಹೊರವರ್ತುಲ ರಸ್ತೆಯ ಮುಖ್ಯಭಾಗದಲ್ಲಿ ದ್ವಿಚಕ್ರವಾಹನಗಳಿಗೆ ಪ್ರವೇಶವೇ ಇಲ್ಲ. ಬೈಸಿಕಲ್ಲನ್ನು ಬಹಿಷ್ಕರಿಸಿದ ರಸ್ತೆಯ ಮಗ್ಗುಲಲ್ಲಿ ಬೈಸಿಕಲ್ಲಿಗೆ ಚಪ್ಪರ ಹಾಕಿದಂತಾಗಿದೆ. ಮೆಹದಿಪಟ್ಣದಿಂದಾಗಲಿ ಸಿಕಂದರಾಬಾದಿನಿಂದಾಗಲಿ ಅಲ್ಲಿಗೆ ಬೈಸಿಕಲ್ಲಿನ ಮೇಲೆ ಹೋಗಬೇಕಾದರೆ, ಆ ಚಪ್ಪರವು ಯಾವ ಅಪಾಯಗಳಿಂದ ಕಾಪಾಡುತ್ತದೆಯೋ ಅವೆಲ್ಲವನ್ನೂ ಮೊದಲು ದಾಟಬೇಕು. ಅದಕ್ಕಾಗಿಯೇ ಬೈಸಿಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಬಂದು, ಅಲ್ಲಿ ಇಳಿಸಿ, ತುಳಿದು, ಮತ್ತೆ ಕಾರಿಗೆ ಕಟ್ಟಿಕೊಂಡು ಹೋಗುವ ಪದ್ಧತಿ ಬೆಳೆದಿದೆ. ಕಾರುಳ್ಳವನಿಗೆ ಬೈಸಿಕಲ್ಲಿನ ಮಾರ್ಗ ದೊರೆಯಿತು. ಬೈಸಿಕಲ್ಲು ಮಾತ್ರ ಉಳ್ಳವನಿಗೆ ದೊರೆಯಲಿಲ್ಲ. ಒಡ್ಯಾಣವು ಚಿನ್ನದ್ದೇ, ಕಟ್ಟಿದುದು ನಡುವಿಗಲ್ಲ. ಮಾರ್ಗದ ಆಕಾರವು ರೇಖೆಯಾದರೂ ಬಳಕೆಯಲ್ಲಿ ಅದು ವೃತ್ತವಾಯಿತು.

ಮೈಸೂರಿನಲ್ಲಿ ೨೦೧೭ರ ಜೂನ್‌ನಲ್ಲಿ 'ಟ್ರಿನ್ ಟ್ರಿನ್' ಎಂಬ ಸಾರ್ವಜನಿಕ ಬೈಸಿಕಲ್ ಯೋಜನೆ ೪೫೦ ವಾಹನಗಳೊಡನೆ ಆರಂಭವಾದುದನ್ನು ಇಲ್ಲಿ ಹೋಲಿಸಿ ನೋಡಬಹುದು. ವೈಭವದಲ್ಲಿ ಅದು ಹೈದರಾಬಾದಿನ ಸೌರಮಾರ್ಗಕ್ಕೆ ಯಾವ ರೀತಿಯಲ್ಲಿಯೂ ಸಮವಲ್ಲ. ಆದರೆ ಅದರ ನಿಲ್ದಾಣಗಳನ್ನು ಊರಿನ ಒಳಗೆ, ಜನರು ಹೋಗಿಬರುವ ಕಡೆಗಳಲ್ಲಿ ಇಟ್ಟರು. ಅಲ್ಪವಾದರೂ ಅದು ಸ್ಥಾನವರಿತ ಮಾತು.

ಸೌರಮಾರ್ಗದ ಚಾವಣಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ರಾತ್ರಿಯ ಪಾಳಿ ಮುಗಿಸಿದ ಕಾವಲುಗಾರನು ಮೇಲುಸೇತುವೆಯ ಅಂಚನ್ನು ಹಿಡಿದುಕೊಂಡು ಹಳೆಯ ಸೈಕಲ್ಲನ್ನು ತುಳಿಯುತ್ತಾನೆ. ಚಹದ ಡಬ್ಬಿಯನ್ನು ಕ್ಯಾರಿಯರಿಗೆ ಕಟ್ಟಿಕೊಂಡವನು ಕಚೇರಿಗಳ ಬಾಗಿಲಲ್ಲಿ ನಿಂತು ಮಾರಿ, ಬಸ್ಸುಗಳ ನಡುವೆ ನುಸುಳಿ ಹೋಗುತ್ತಾನೆ. ಪತ್ರಿಕೆ ಹಂಚುವ ಹುಡುಗ, ಕಟ್ಟಡದ ಕೆಲಸದ ಬಡಗಿ, ಮನೆಗೆಲಸಕ್ಕೆ ಹೋಗುವ ಹೆಂಗಸು, ಇವರ ಸೈಕಲ್ಲುಗಳಿಗೆ ಹಿಂದೀಪವಿಲ್ಲ, ತಲೆಗೆ ಶಿರಸ್ತ್ರಾಣವಿಲ್ಲ, ಹಿಂದಿನಿಂದ ಬರುವ ಲಾರಿಗೆ ಇವರು ಕಾಣುವರೆಂಬ ಭರವಸೆಯೂ ಇಲ್ಲ. ಅಭಿರುಚಿಯುಳ್ಳವನು ರಸ್ತೆ ಅಪಾಯಕರವೆಂದು ಅನ್ನಿಸಿದ ದಿನ ಮನೆಯಲ್ಲಿ ಉಳಿಯಬಹುದು. ಇವರು ಉಳಿಯುವಂತಿಲ್ಲ. ಈ ವಿಮರ್ಶೆಯಲ್ಲಿ ಪಣವಾಗಿರುವುದು ರುಚಿಯಲ್ಲ, ಪ್ರಾಣ.

೬

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ಎತ್ತಿ ನೋಡುವುದು ಯುಕ್ತ. ಬಡವನೇ ಬೈಸಿಕಲ್ಲನ್ನು ಬಿಟ್ಟು ಮೋಟಾರ್ ಸೈಕಲ್ಲಿಗೆ ಹೋಗಬಯಸುತ್ತಾನಲ್ಲ, ಅವನ ಮೇಲೆ ಅದನ್ನು ಹೇರುವುದೇಕೆ ಎಂಬುದು ಮೊದಲನೆಯದು. ೨೦೧೧ರ ಜನಗಣತಿಯಂತೆ ಭಾರತದ ಮನೆಗಳಲ್ಲಿ ನೂರಕ್ಕೆ ೪೪.೮ರಲ್ಲಿ ಬೈಸಿಕಲ್ಲು ಇದ್ದಿತು. ಮೋಟಾರು ದ್ವಿಚಕ್ರಿ ಇದ್ದುದು ೨೧ರಲ್ಲಿ, ಕಾರು ಇದ್ದುದು ೪.೭ರಲ್ಲಿ ಮಾತ್ರ. ಆದರೆ ಹಿಂದಿನ ಗಣತಿಗೆ ಹೋಲಿಸಿದರೆ ಹಳ್ಳಿಗಳಲ್ಲಿ ಬೈಸಿಕಲ್ಲಿನ ಪ್ರಮಾಣ ಏರಿ, ನಗರಗಳಲ್ಲಿ ಇಳಿದಿದ್ದಿತು. ನಗರದವನು ಅದನ್ನು ಬಿಡುತ್ತಿರುವುದು ದಿಟ. ಬಯಸಿ ಬಿಟ್ಟನೋ ಬೆದರಿ ಬಿಟ್ಟನೋ ಎಂಬುದನ್ನು ಈ ಅಂಕಿಗಳು ಹೇಳಲಾರವು. ಸುರಕ್ಷಿತ ಮಾರ್ಗವನ್ನು ಕೊಟ್ಟ ಮೇಲೂ ಅವನು ಬಿಟ್ಟರೆ ಅದು ಅವನ ಆಯ್ಕೆ. ಮಾರ್ಗವನ್ನೇ ಕೊಡದೆ ಅವನು ಆಯ್ದುಕೊಂಡನೆನ್ನುವುದು ತರ್ಕವಲ್ಲ.

ಊರು ಬಹಳ ಹಿಗ್ಗಿದೆ, ದೂರಗಳು ಬೈಸಿಕಲ್ಲಿಗೆ ಮೀರಿದವು ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಸತ್ಯವಿದೆ. ಉಪ್ಪಲಿನಿಂದ ಹೈಟೆಕ್ ಸಿಟಿಗೆ ನಿತ್ಯವೂ ಬೈಸಿಕಲ್ಲಿನ ಮೇಲೆ ಹೋಗಿರೆಂದು ಯಾರೂ ಹೇಳಲಾರರು. ಆದರೆ ೨೦೧೭ರ ನವೆಂಬರ್‌ನಲ್ಲಿ ಓಡಲಾರಂಭಿಸಿದ ಮೆಟ್ರೋ ರೈಲು ದೂರವನ್ನು ತಾನು ವಹಿಸಿಕೊಂಡಿದೆ. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಕಚೇರಿಗೆ ಉಳಿದಿರುವುದು ಎರಡು-ಮೂರು ಕಿಲೋಮೀಟರ್. ಶಾಲೆಗೆ, ಸಂತೆಗೆ, ಔಷಧದ ಅಂಗಡಿಗೆ ಹೋಗುವ ದೂರವೂ ಅಷ್ಟೇ. ಬೈಸಿಕಲ್ಲಿನ ನಿಜವಾದ ಕ್ಷೇತ್ರವಿದು. ನಮ್ಮ ರಾಷ್ಟ್ರೀಯ ನಗರ ಸಾರಿಗೆ ನೀತಿಯು ೨೦೦೬ರಲ್ಲಿಯೇ ರಸ್ತೆಯ ಸ್ಥಳವನ್ನು ವಾಹನಗಳಿಗಿಂತ ಜನರನ್ನು ಲಕ್ಷಿಸಿ ಹಂಚಬೇಕೆಂಬ ತತ್ತ್ವವನ್ನು 

ಒಪ್ಪಿಕೊಂಡಿದೆ, ತತ್ತ್ವವು ಬೀದಿಗೆ ಇಳಿಯುವುದಷ್ಟೇ ಉಳಿದಿದೆ.

ನಮ್ಮ ಜನರ ಸ್ವಭಾವಕ್ಕೆ ಇದು ಒಗ್ಗದು ಎಂಬುದು ಮೂರನೆಯದು. ಇದಕ್ಕೆ ಹಾಲೆಂಡ್ ದೇಶದ ಚರಿತ್ರೆಯೇ ಸಮಾಧಾನ. ಅಲ್ಲಿ ಇಂದು ಜನಸಂಖ್ಯೆಗಿಂತ ಬೈಸಿಕಲ್ಲುಗಳ ಸಂಖ್ಯೆಯೇ ಹೆಚ್ಚು. ಆದರೆ ಎರಡನೆಯ ಮಹಾಯುದ್ಧದ ತರುವಾಯದ ದಶಕಗಳಲ್ಲಿ ಆ ದೇಶವೂ ಮೋಟಾರಿಗೆ ಮಾರುಹೋಗಿದ್ದಿತು. ರಸ್ತೆಗಳಲ್ಲಿ ಮಕ್ಕಳು ಸಾಯುತ್ತಿದ್ದುದನ್ನು ನಿಲ್ಲಿಸಿರೆಂದು ೧೯೭೦ರ ದಶಕದ ಆರಂಭದಲ್ಲಿ ತಂದೆತಾಯಿಗಳು ಬೀದಿಗಿಳಿದರು. ೧೯೭೩ರ ತೈಲಸಂಕಟವೂ ಒದಗಿಬಂದಿತು. ಆ ಮೇಲೆ ಊರಿನ ಒಳಗಣ ಬೀದಿಗಳಲ್ಲಿ ಪ್ರತ್ಯೇಕ ಮಾರ್ಗಗಳು ಒಂದೊಂದಾಗಿ ಬಂದವು. ಸ್ವಭಾವವು ಮಾರ್ಗವನ್ನು ಮಾಡಿದುದಕ್ಕಿಂತ ಹೆಚ್ಚಾಗಿ ಮಾರ್ಗವು ಸ್ವಭಾವವನ್ನು ಮಾಡಿತು.

ಅಲ್ಲಿನ ಸಾಮಾನ್ಯ ಬೈಸಿಕಲ್ಲಿನ ಜಾತಿ ಯಾವುದೆಂಬುದು ನಮ್ಮ ವಿಷಯಕ್ಕೆ ಇನ್ನೂ ಸಮೀಪವಾದ ಸಂಗತಿ. ನೆಟ್ಟಗೆ ಕೂರುವ ಆಸನ, ದೊಡ್ಡ ಗಾಲಿ, ಸರಪಳಿಗೆ ಮುಚ್ಚಳ, ಹಿಂದೆ ಕ್ಯಾರಿಯರು: ಅದು ನಮ್ಮ ಹಾಲುಮಾರುವವನ ಸೈಕಲ್ಲಿನ ಒಡಹುಟ್ಟು, ಎರಡೂ ಇಂಗ್ಲೆಂಡಿನ ಒಂದೇ ವಂಶದಿಂದ ಬಂದವು. ೨೦೧೦ರಿಂದ ೨೦೨೪ರ ವರೆಗೆ ಅಲ್ಲಿ ಪ್ರಧಾನಮಂತ್ರಿಯಾಗಿದ್ದ ಮಾರ್ಕ್ ರುಟ್ಟೆ ಅವರು ಅರಮನೆಗೆ ಬೈಸಿಕಲ್ಲಿನ ಮೇಲೆ ಹೋದ ಚಿತ್ರವನ್ನು ಜಗತ್ತೆಲ್ಲ ನೋಡಿತು. ಒಂದೇ ಜಾತಿಯ ವಾಹನ ಒಂದು ದೇಶದಲ್ಲಿ ಪ್ರಧಾನಿಗೂ ಸಲ್ಲುತ್ತದೆ. ಇನ್ನೊಂದು ದೇಶದಲ್ಲಿ ಗುಮಾಸ್ತನಿಗೂ ನಾಚಿಕೆಯನ್ನು ತರುತ್ತದೆ. ವ್ಯತ್ಯಾಸವು ವಾಹನದಲ್ಲಿದ್ದರೆ ಹೀಗಾಗುತ್ತಿರಲಿಲ್ಲ.

೭

ಇಷ್ಟು ವಿಚಾರ ಮಾಡಿದ ಮೇಲೆ ನಿರ್ಣಯವು ತಾನಾಗಿಯೇ ತೋರುತ್ತದೆ. ಬೈಸಿಕಲ್ಲಿನ ಜಾತಿಭೇದಗಳ ಅರಿವು ಒಳ್ಳೆಯದೇ. ಆ ಅರಿವಿನಿಂದ ನಾವು ಕಲಿಯಬೇಕಾದುದು, ಯಾವ ವಾಹನವೂ ತನ್ನಷ್ಟಕ್ಕೆ ಉತ್ತಮವಲ್ಲ, ಮಾರ್ಗಕ್ಕೂ ಸವಾರನಿಗೂ ಹೊರೆಗೂ ಒಪ್ಪಿದಾಗಲೇ ಉತ್ತಮ ಎಂಬುದನ್ನು. ಈ ದೃಷ್ಟಿಯಿಂದ ತಯಾರಕರು ಮಾಡಬೇಕಾದುದು ರೋಡ್‌ಸ್ಟರಿನ ಸದ್ಗುಣಗಳನ್ನು ಉಳಿಸಿಕೊಂಡು, ಮೂರು-ನಾಲ್ಕು ಗೇರುಗಳನ್ನೂ ಮಳೆಯಲ್ಲಿ ಹಿಡಿಯುವ ಬ್ರೇಕನ್ನೂ ಗಾಲಿಯಿಂದಲೇ ಉರಿಯುವ ದೀಪವನ್ನೂ ಕೂಡಿಸಿದ, ದುಡಿಯುವವನು ಕೊಳ್ಳಬಲ್ಲ ಒಂದು ನಗರದ ಬೈಸಿಕಲ್ಲನ್ನು. ನಗರಾಡಳಿತವು ಮಾಡಬೇಕಾದುದು ಸೌರಮಾರ್ಗವನ್ನು ಒಡೆಯುವುದನ್ನಲ್ಲ. ಅದರ ನೆರಳನ್ನು ಊರೊಳಗೆ ಎಳೆದು ತರುವುದನ್ನು. ಪ್ರತಿಯೊಂದು ಮೆಟ್ರೋ ನಿಲ್ದಾಣದ ಸುತ್ತಲೂ ಎರಡು ಕಿಲೋಮೀಟರ್, ಪ್ರತಿಯೊಂದು ದೊಡ್ಡ ಶಾಲೆಯ ಸುತ್ತಲೂ ಒಂದು ಕಿಲೋಮೀಟರ್, ಮೋಟಾರಿನಿಂದ ಬೇರ್ಪಡಿಸಿದ ಮಾರ್ಗವು ದೊರೆತರೆ ಸಾಕು, ಚಾವಣಿಯಿಲ್ಲದಿದ್ದರೆ ಮರಗಳಿರಲಿ.

ಉತ್ಸಾಹಿಗಳಲ್ಲಿಯೂ ಒಂದು ವಿಜ್ಞಾಪನೆಯಿದೆ. ನಗರವು ಅವರ ಮಾತನ್ನು ಕೇಳುತ್ತದೆ. ಚಹ ಮಾರುವವನ ಮಾತನ್ನು ಕೇಳುವುದಿಲ್ಲ. ಹೀಗಿರಲು ಅವರು ಕೇಳುವಾಗ ತಮ್ಮ ಭಾನುವಾರದ ವೃತ್ತವನ್ನು ಮಾತ್ರವಲ್ಲದೆ ಅವನ ನಿತ್ಯದ ರೇಖೆಯನ್ನೂ ಕೇಳಬೇಕು. ಈ ನಗರಕ್ಕೆ ರಾಯಚೂರಿನಿಂದಲೂ ಕಲಬುರ್ಗಿಯಿಂದಲೂ ಬೀದರದಿಂದಲೂ ಬಂದು ನೆಲೆಸಿದ ನಮ್ಮವರಲ್ಲಿ ಅನೇಕ ಮನೆಗಳ ಮೊದಲ ವಾಹನ ಆ ಕಪ್ಪು ರೋಡ್‌ಸ್ಟರೇ ಆಗಿದ್ದಿತು. ಇಂದು ನಮ್ಮ ಮಕ್ಕಳು ಹಗುರವಾದ, ಬೆಲೆಬಾಳುವ ವಾಹನಗಳ ಮೇಲೆ ಸೌರಮಾರ್ಗಕ್ಕೆ ಹೋಗುತ್ತಿರುವುದು ಸಂತೋಷದ ಸಂಗತಿ. ಆ ಕಪ್ಪು ಸೈಕಲ್ಲು ಇನ್ನೂ ಬೇರೆಯವರ ಮನೆಯಲ್ಲಿ ದುಡಿಯುತ್ತಿದೆ. ಅದಕ್ಕೆ ಬೀದಿಯಲ್ಲಿ ಒಂದು ಗಜದಷ್ಟಾದರೂ ನಿರ್ಭಯವಾದ ಅಂಚನ್ನು ದೊರಕಿಸಿಕೊಡುವುದು, ಅದರಿಂದ ಮೇಲೆ ಬಂದವರ ಕರ್ತವ್ಯವಾಗಿದೆ.